ಮೇಳ ಬದಲಿಸುವ ಆಟಗಾರ

ಭಾನುವಾರ ಬೆಳಿಗ್ಗೆ ಜಯನಗರ ಐದನೇ ಬ್ಲಾಕಿನ ಶಾಲಿನಿ ಮೈದಾನದ ಬಳಿ ಹಾದುಹೋಗುವವರು ಒಮ್ಮೆ ನಿಂತು ನೋಡಬೇಕು. ಒಂದೇ ಬಯಲು, ಹಲವು ಪಂದ್ಯ. ಒಂದು ಪಂದ್ಯದ ಕ್ಷೇತ್ರರಕ್ಷಕ ಇನ್ನೊಂದು ಪಂದ್ಯದ ವಿಕೆಟ್ ಕೀಪರ್‌ಗೆ ಬೆನ್ನು ಕೊಟ್ಟು ನಿಂತಿರುತ್ತಾನೆ. ಯಾವ ಚೆಂಡು ಯಾರದೆಂಬುದು ಆಡುವವರಿಗೇ ಗೊತ್ತು. ಬನಶಂಕರಿ, ಜೆ.ಪಿ. ನಗರದ ಬಯಲುಗಳಲ್ಲೂ ಇಂಥದೇ ನೋಟ. ಈ ಹುಡುಗರಲ್ಲಿ ಕೆಲವರಿಗಾದರೂ ರಣಜಿ ಟ್ರೋಫಿಯಲ್ಲಿ ಕರ್ನಾಟಕಕ್ಕೆ ಆಡುವ ಆಸೆ ಇದ್ದೇ ಇರುತ್ತದೆ. ಆದರೆ ಆ ತಂಡದಲ್ಲಿರುವುದು ಹನ್ನೊಂದೇ ಸ್ಥಾನ. ಹನ್ನೆರಡನೆಯವನು, ಹದಿನೈದನೆಯವನು ಏನು ಮಾಡಬೇಕು?

ಅವನಿಗೆ ಎರಡು ದಾರಿಗಳಿವೆ. ಆಟ ಬಿಟ್ಟು ಬೇರೆ ಕೆಲಸ ಹುಡುಕುವುದು ಒಂದು. ಊರು ಬಿಟ್ಟು ಆಟ ಉಳಿಸಿಕೊಳ್ಳುವುದು ಇನ್ನೊಂದು. ಎರಡನೆಯ ದಾರಿ ಹಿಡಿದವರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಭಾರತ ತಂಡಕ್ಕೆ ಆಡಿದವರನ್ನು ನೆನೆಯುತ್ತೇವೆ; ಬೇರೆ ರಾಜ್ಯಕ್ಕೆ ಹೋದವರನ್ನು ‘ಇಲ್ಲಿ ಸಲ್ಲದವರು’ ಎಂದು ಮರೆಯುತ್ತೇವೆ. ಈ ಎಣಿಕೆ ಎಷ್ಟು ಸರಿ?

ತಿರುಗಾಟದ ಕಸುಬು

ಕರಾವಳಿಯವರಿಗೆ ಈ ಬದುಕು ಹೊಸದಲ್ಲ. ಯಕ್ಷಗಾನ ಮೇಳಗಳು ದೀಪಾವಳಿಯ ನಂತರ ಹೊರಟು ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಈ ಅವಧಿಗೆ ‘ತಿರುಗಾಟ’ ಎಂದೇ ಹೆಸರು. ಒಂದು ತಿರುಗಾಟ ಮುಗಿದ ಮೇಲೆ ಕಲಾವಿದ ಮೇಳ ಬದಲಿಸುವುದುಂಟು. ಹಾಗೆ ಬದಲಿಸಿದವನನ್ನು ಯಾರೂ ಸೋತವನೆನ್ನುವುದಿಲ್ಲ. ಹೊಸ ಮೇಳದಲ್ಲಿ ಅವನ ಅರ್ಥ, ಕುಣಿತ ಹೇಗಿದೆ ಎಂದಷ್ಟೇ ನೋಡುತ್ತಾರೆ.

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿಯೂ ಇಂಥ ಮೇಳ ಬದಲಾವಣೆ ಮಾಮೂಲು. ಅಲ್ಲಿ ಇಷ್ ಸ್ಮಿತ್ ಎಂಬ ಆಟಗಾರನನ್ನು 2010ರ ವಾರ್ಷಿಕ ಆಯ್ಕೆಯಲ್ಲಿ ಯಾವ ತಂಡವೂ ಆರಿಸಲಿಲ್ಲ. ಆದರೂ ಅವರು ಎನ್‌ಬಿಎ ಲೀಗ್‌ನಲ್ಲಿ 13 ತಂಡಗಳಿಗೆ ಆಡಿ ದಾಖಲೆ ಮಾಡಿದರು. ತಾರೆಯಾಗಲಿಲ್ಲ, ಆದರೆ ಬೇಡವಾಗಲೂ ಇಲ್ಲ. 2023ರಲ್ಲಿ ಡೆನ್ವರ್ ನಗೆಟ್ಸ್ ಚಾಂಪಿಯನ್ ಆದಾಗ ಆ ತಂಡದಲ್ಲಿ ಅವರಿದ್ದರು.

ನಮ್ಮ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಹೀಗೆ ಸುತ್ತಲು ಲೀಗ್ ಇರಲಿಲ್ಲ. ಬೆಂಗಳೂರಿನ ಒಳ್ಳೆಯ ಆಟಗಾರನ ಗುರಿ ವಿಜಯ ಬ್ಯಾಂಕಿನಂಥ ಸಂಸ್ಥೆಯಲ್ಲಿ ಕ್ರೀಡಾ ಕೋಟಾದ ನೌಕರಿ. ಆ ಬ್ಯಾಂಕ್ ಕೂಡ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2015ರಲ್ಲಿ ಆರಂಭವಾದ ಯುಬಿಎ ಎಂಬ ವೃತ್ತಿಪರ ಲೀಗ್‌ನಲ್ಲಿ ಬೆಂಗಳೂರು ಬೀಸ್ಟ್ ಎಂಬ ತಂಡವಿತ್ತು; ಲೀಗ್ 2017ಕ್ಕೇ ನಿಂತುಹೋಯಿತು. ಹಾಗಾಗಿ ಊರಿಂದೂರಿಗೆ ಹೋಗಿ ಆಡುವ ಕಸುಬುದಾರನನ್ನು ನಮ್ಮಲ್ಲಿ ಕಾಣಬೇಕಾದರೆ ಕ್ರಿಕೆಟ್‌ಗೇ ಬರಬೇಕು.

ಮಹಾರಾಜರಿಂದ ಮಂಡಳಿಯವರೆಗೆ

ರಣಜಿ ಟ್ರೋಫಿ 1934ರಲ್ಲಿ ಮದ್ರಾಸಿನಲ್ಲಿ ಮೈಸೂರು–ಮದ್ರಾಸ್ ಪಂದ್ಯದೊಂದಿಗೆ ಆರಂಭವಾಯಿತು. ಆಗ ಆಟಗಾರರನ್ನು ಹೊರಗಿನಿಂದ ಕರೆತರುತ್ತಿದ್ದವರು ರಾಜಮಹಾರಾಜರು. ನಾಗಪುರದಲ್ಲಿ ಹುಟ್ಟಿದ ಸಿ.ಕೆ. ನಾಯ್ಡು ಅವರನ್ನು ಇಂದೂರಿನ ಹೋಳ್ಕರ್ ಮಹಾರಾಜರು ಕರೆಸಿಕೊಂಡು ತಮ್ಮ ಸೈನ್ಯದಲ್ಲಿ ಹುದ್ದೆ ಕೊಟ್ಟರು. ಮುಂದೆ ಹೋಳ್ಕರ್ ತಂಡ ನಾಲ್ಕು ಬಾರಿ ರಣಜಿ ಗೆದ್ದಿತು. ವಿನೂ ಮಂಕಡ್ ಅವರಂತೂ ನವಾನಗರ, ಗುಜರಾತ್, ಬಂಗಾಳ, ಮುಂಬೈ, ರಾಜಸ್ಥಾನ ಸೇರಿ ಏಳು ತಂಡಗಳಿಗೆ ರಣಜಿ ಆಡಿದರು. ಅವರ ಹಿರಿಮೆ ಇದರಿಂದ ಕುಂದಲಿಲ್ಲ.

ಸಂಸ್ಥಾನಗಳು ಹೋದವು, ಪದ್ಧತಿ ಉಳಿಯಿತು. ಈಗ ಅದಕ್ಕೆ ನಿಯಮಗಳಿವೆ. ಆಟಗಾರ ತನ್ನ ರಾಜ್ಯ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಒಂದು ತಂಡ ಇಂಥ ಮೂವರು ‘ಅತಿಥಿ ಆಟಗಾರ’ರನ್ನು ಸೇರಿಸಿಕೊಳ್ಳಬಹುದು. ಮಂಡಳಿ ಕೊಡುವ ಪಂದ್ಯ ಶುಲ್ಕದ ಜೊತೆಗೆ, ಕರೆಸಿಕೊಂಡ ಸಂಸ್ಥೆ ಒಪ್ಪಂದದ ಪ್ರಕಾರ ಪ್ರತ್ಯೇಕ ಹಣ ಕೊಡುತ್ತದೆ.

ಹನ್ನೊಂದರ ಒಳಗೂ ಹೊರಗೂ ಇರುವ ವ್ಯತ್ಯಾಸ ಈ ಶುಲ್ಕದಲ್ಲೇ ಕಾಣುತ್ತದೆ. 2021ರಲ್ಲಿ ಪರಿಷ್ಕರಿಸಿದ ದರದಂತೆ, 40ಕ್ಕಿಂತ ಹೆಚ್ಚು ಪಂದ್ಯ ಆಡಿದವರಿಗೆ ದಿನಕ್ಕೆ 60,000 ರೂಪಾಯಿ, 21ರಿಂದ 40 ಪಂದ್ಯ ಆಡಿದವರಿಗೆ 50,000, ಅದಕ್ಕಿಂತ ಕಡಿಮೆ ಆಡಿದವರಿಗೆ 40,000. ಮೀಸಲು ಆಟಗಾರನಿಗೆ ಇದರ ಅರ್ಧ. ತಂಡದಲ್ಲೇ ಇಲ್ಲದವನಿಗೆ ಏನೂ ಇಲ್ಲ.

2018–19ರಲ್ಲಿ ಬಿಹಾರ, ಉತ್ತರಾಖಂಡ, ಪುದುಚೇರಿ ಮತ್ತು ಈಶಾನ್ಯದ ರಾಜ್ಯಗಳು ಸೇರಿ ಒಂಬತ್ತು ಹೊಸ ತಂಡಗಳು ರಣಜಿಗೆ ಬಂದವು. ಒಟ್ಟು ಸಂಖ್ಯೆ 37ಕ್ಕೆ ಏರಿತು. ಹೊಸ ತಂಡಗಳಿಗೆ ಅನುಭವಿಗಳು ಬೇಕಿದ್ದರು. ಕರ್ನಾಟಕದಂಥ ಹಳೆಯ ತಂಡಗಳಲ್ಲಿ ಅನುಭವಿಗಳು ಹೆಚ್ಚಾಗಿದ್ದರು.

ಕೋಲ್ಕತ್ತದ ಐದು ರನ್

ಈ ಬದುಕಿನ ಸಿಹಿ ಕಹಿ ಎರಡೂ ಒಟ್ಟಿಗೆ ಕಂಡದ್ದು 2017ರ ಡಿಸೆಂಬರ್‌ನಲ್ಲಿ, ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ. ಕರ್ನಾಟಕ ಮತ್ತು ವಿದರ್ಭ ನಡುವಿನ ರಣಜಿ ಸೆಮಿಫೈನಲ್ ಅದು.

ವಿದರ್ಭದ ಮಧ್ಯಮ ಕ್ರಮಾಂಕದಲ್ಲಿ ಗಣೇಶ್ ಸತೀಶ್ ಇದ್ದರು. ಹುಟ್ಟಿದ್ದು ದಾವಣಗೆರೆಯಲ್ಲಿ. ಕರ್ನಾಟಕ 2013–14ರಲ್ಲಿ ರಣಜಿ ಗೆದ್ದಾಗ, ಹೈದರಾಬಾದಿನಲ್ಲಿ ಮಹಾರಾಷ್ಟ್ರದ ವಿರುದ್ಧ ನಡೆದ ಫೈನಲ್‌ನಲ್ಲಿ ಶತಕ ಬಾರಿಸಿದ್ದವರು. ರಾಹುಲ್, ಉತ್ತಪ್ಪ, ಮನೀಶ್ ಪಾಂಡೆ, ಕರುಣ್ ನಾಯರ್ ಇದ್ದ ತಂಡ ಅದು. ಬ್ಯಾಟ್ಸ್‌ಮನ್‌ಗಳ ಅಂಥ ಸಾಲಿನಲ್ಲಿ ಫೈನಲ್‌ನ ಶತಕವೂ ಯಾರ ಸ್ಥಾನವನ್ನೂ ಕಾಯಂ ಮಾಡುವಂತಿರಲಿಲ್ಲ. ಮರುವರ್ಷ ಸತೀಶ್ ವಿದರ್ಭಕ್ಕೆ ಹೋದರು.

ಸೆಮಿಫೈನಲ್‌ನ ಮೊದಲ ಇನಿಂಗ್ಸ್‌ನಲ್ಲಿ ಕರ್ನಾಟಕಕ್ಕೆ 116 ರನ್‌ಗಳ ಮುನ್ನಡೆ ಸಿಕ್ಕಿತು. ಅದರಲ್ಲಿ ಕರುಣ್ ನಾಯರ್ ಅವರದೇ 153. ಎರಡನೇ ಇನಿಂಗ್ಸ್‌ನಲ್ಲಿ ವಿದರ್ಭದ ಪರ ನಿಂತು ಆಡಿದವರು ಸತೀಶ್. ತವರಿನ ಬೌಲರ್‌ಗಳ ಎದುರು 81 ರನ್. ಕರ್ನಾಟಕಕ್ಕೆ 198 ರನ್ ಗುರಿ. ಕೊನೆಯ ದಿನ ಬೆಳಿಗ್ಗೆ 87 ರನ್ ಬೇಕಿತ್ತು, ಮೂರು ವಿಕೆಟ್ ಉಳಿದಿದ್ದವು. ನಾಯಕ ವಿನಯ್ ಕುಮಾರ್ ಮತ್ತು ಕೆಳಗಿನ ಕ್ರಮಾಂಕದವರು ಛಲ ಬಿಡದೆ ಆಡಿದರು. ಕೊನೆಗೆ ಕರ್ನಾಟಕ 192ಕ್ಕೆ ಔಟಾಯಿತು. ಸೋಲಿನ ಅಂತರ ಐದೇ ರನ್.

ವಿದರ್ಭ ಫೈನಲ್‌ನಲ್ಲಿ ದೆಹಲಿಯನ್ನು ಸೋಲಿಸಿ ಮೊದಲ ಬಾರಿಗೆ ರಣಜಿ ಗೆದ್ದಿತು. ಆಡಿದ ಜಾಗ ಇಂದೂರಿನ ಹೋಳ್ಕರ್ ಕ್ರೀಡಾಂಗಣ. ಹಿಂದೆ ನಾಗಪುರದ ನಾಯ್ಡು ಇಂದೂರಿಗೆ ಕೀರ್ತಿ ತಂದಿದ್ದರು. ಈಗ ದಾವಣಗೆರೆಯವರೂ ಮುಂಬೈಯ ವಾಸಿಂ ಜಾಫರ್ ಅವರೂ ಅದೇ ಇಂದೂರಿನಲ್ಲಿ ನಾಗಪುರಕ್ಕೆ ಕೀರ್ತಿ ತಂದರು. ಮರುವರ್ಷ ವಿದರ್ಭ ಮತ್ತೆ ಗೆದ್ದಿತು. ಸತೀಶ್ ಮುಂದೆ ತ್ರಿಪುರಾಕ್ಕೂ ಆಡಿದರು. ಭಾರತದ ಟೋಪಿ ಧರಿಸಲಿಲ್ಲ. ಆದರೆ ಎರಡು ರಾಜ್ಯಗಳ ಪರ ಮೂರು ರಣಜಿ ಪ್ರಶಸ್ತಿ ಅವರ ಲೆಕ್ಕದಲ್ಲಿದೆ.

ಸೋತವರ ತಿರುಗಾಟ

ಅಂದು ಸೋತ ತಂಡದ ಕೆಲವರೂ ಮುಂದೆ ಅದೇ ದಾರಿ ಹಿಡಿದರು. ಕರ್ನಾಟಕಕ್ಕೆ ಸತತ ಎರಡು ಬಾರಿ ರಣಜಿ ಗೆದ್ದುಕೊಟ್ಟ ನಾಯಕ, ದಾವಣಗೆರೆಯವರೇ ಆದ ವಿನಯ್ ಕುಮಾರ್ 2019ರಲ್ಲಿ ಪುದುಚೇರಿಗೆ ಹೋದರು. 2021ರಲ್ಲಿ ನಿವೃತ್ತರಾದಾಗ ಪ್ರಥಮ ದರ್ಜೆಯಲ್ಲಿ ಅವರ ವಿಕೆಟ್‌ಗಳು 504. ಶ್ರೇಯಸ್ ಗೋಪಾಲ್ 2023ರಲ್ಲಿ ಕೇರಳಕ್ಕೆ ಹೋಗಿ ಮತ್ತೆ ಮರಳಿದರು.

ಕರುಣ್ ನಾಯರ್ ಅವರದು ಇನ್ನೂ ಏರಿಳಿತದ ಕಥೆ. 2016ರಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ರನ್ ಹೊಡೆದವರಿಗೆ 2022ರ ಹೊತ್ತಿಗೆ ಕರ್ನಾಟಕದ ರಣಜಿ ತಂಡದಲ್ಲೂ ಸ್ಥಾನವಿರಲಿಲ್ಲ. ಆ ಡಿಸೆಂಬರ್‌ನಲ್ಲಿ ಸಾಮಾಜಿಕ ಜಾಲತಾಣದಲ್ಲಿ, ಇನ್ನೊಂದು ಅವಕಾಶ ಕೊಡು ಎಂದು ಅವರು ಕ್ರಿಕೆಟನ್ನೇ ಕೇಳಿಕೊಂಡರು. ಮರುವರ್ಷ ಇಂಗ್ಲೆಂಡಿನ ನಾರ್ತಾಂಪ್ಟನ್‌ಷೈರ್ ಕೌಂಟಿ, ಬಳಿಕ ವಿದರ್ಭ. ಕೋಲ್ಕತ್ತದಲ್ಲಿ ತಾವು 153 ಹೊಡೆದೂ ಸೋತದ್ದು ಯಾರಿಗೋ ಅದೇ ತಂಡ.

2024–25ರಲ್ಲಿ ಕರುಣ್ ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಶತಕಗಳೊಂದಿಗೆ 779 ರನ್ ಗಳಿಸಿದರು. ಅದರ ಫೈನಲ್‌ನಲ್ಲಿ ಎದುರಾದದ್ದು ಕರ್ನಾಟಕವೇ. ಅಂದು ಗೆದ್ದದ್ದು ಕರ್ನಾಟಕ. ಆದರೆ ನಾಗಪುರದಲ್ಲಿ ನಡೆದ ರಣಜಿ ಫೈನಲ್‌ನಲ್ಲಿ ಕೇರಳದ ವಿರುದ್ಧ 86 ಮತ್ತು 135 ರನ್ ಗಳಿಸಿ ವಿದರ್ಭಕ್ಕೆ ಮೂರನೇ ಪ್ರಶಸ್ತಿ ತಂದುಕೊಟ್ಟರು. 2025ರ ಜೂನ್‌ನಲ್ಲಿ, ಎಂಟು ವರ್ಷಗಳ ನಂತರ ಭಾರತದ ಟೆಸ್ಟ್ ತಂಡಕ್ಕೆ ಮರಳಿದರು. ಇಂಗ್ಲೆಂಡಿನಲ್ಲಿ ನಾಲ್ಕು ಟೆಸ್ಟ್ ಆಡಿದರೂ ಒಂದೇ ಅರ್ಧಶತಕ ಬಂತು, ಸ್ಥಾನ ಮತ್ತೆ ಹೋಯಿತು. ಅದೇ ವರ್ಷ ಕರ್ನಾಟಕಕ್ಕೆ ವಾಪಸಾಗಿ, ಶಿವಮೊಗ್ಗದಲ್ಲಿ ಗೋವಾ ವಿರುದ್ಧ ಅಜೇಯ 174 ರನ್ ಗಳಿಸಿದರು.

ಅತಿಥಿ ಯಾರ ಎಲೆಗೆ ಕೂತ?

ಒಂದು ಆಕ್ಷೇಪಣೆ ಸದಾ ಇರುತ್ತದೆ. ಅತಿಥಿ ಬಂದರೆ ಅಲ್ಲಿನ ಒಬ್ಬ ಹುಡುಗನ ಜಾಗ ಹೋಗುವುದಿಲ್ಲವೇ? ಹೋಗುತ್ತದೆ. ಬೆಂಗಳೂರಿನಲ್ಲಿ ಜಾಗ ಸಿಗದೆ ಹೋದವನು ನಾಗಪುರದಲ್ಲೋ ಅಗರ್ತಲದಲ್ಲೋ ಇನ್ನೊಬ್ಬನನ್ನು ಬೆಂಚಿನಲ್ಲಿ ಕೂರಿಸುತ್ತಾನೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಅತಿಥಿಗಳ ಸಂಖ್ಯೆಗೆ ಮಿತಿ ಇರುವುದೂ ಇದಕ್ಕೇ. ಅವನು ಬರೇ ರನ್ ಗಳಿಸಿ ಹೊರಟರೆ ಆ ಹುಡುಗನಿಗೆ ಆದದ್ದು ನಷ್ಟವೇ. ಐದು ದಿನದ ಪಂದ್ಯವನ್ನು ಹೇಗೆ ಆಡಿ ಗೆಲ್ಲಬೇಕೆಂದು ಪಕ್ಕದಲ್ಲಿ ನಿಂತು ತೋರಿಸಿದರೆ, ಅದರ ಲಾಭ ಅವನು ಹೋದ ಮೇಲೂ ಉಳಿಯುತ್ತದೆ. ವಿದರ್ಭದ ಮೊದಲ ಗೆಲುವಿನಲ್ಲಿ ಜಾಫರ್, ಸತೀಶ್ ಜೊತೆ ನಾಯಕ ಫೈಜ್ ಫಜಲ್, ಬೌಲರ್ ರಜನೀಶ್ ಗುರ್ಬಾನಿಯಂಥ ಅಲ್ಲಿಯವರೇ ಮುಂದೆ ನಿಂತಿದ್ದರು ಎಂಬುದನ್ನು ಮರೆಯಬಾರದು.

ಶಾಲಿನಿ ಮೈದಾನದ ಬೇಲಿಯ ಪಕ್ಕ ಕಿಟ್ ಚೀಲ ಹಿಡಿದು ಕಾಯುವ ತಂದೆತಾಯಂದಿರು ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: ‘ಹುಡುಗ ಇಂಡಿಯಾಕ್ಕೆ ಆಡ್ತಾನಾ?’ ಅದಕ್ಕೆ ಉತ್ತರ ಯಾರ ಬಳಿಯೂ ಇಲ್ಲ. ಆಡದಿದ್ದರೂ ಆಟವನ್ನೇ ಕಸುಬಾಗಿಸಿಕೊಂಡು ಹತ್ತು ಹದಿನೈದು ವರ್ಷ ಮರ್ಯಾದೆಯಿಂದ ಬಾಳಬಹುದು; ಅದಕ್ಕೆ ಊರು ಬಿಡುವ ಧೈರ್ಯ ಬೇಕಾಗಬಹುದು. ಈ ಮಾತನ್ನಾದರೂ ಹುಡುಗನಿಗೆ ಮೊದಲೇ ಹೇಳಿಡುವುದು ಒಳ್ಳೆಯದು.