ಮಷೀನಿನ ಕೂಗಿಗೆ ಅಪ್ಪನ ಕಿವಿ

"ಏನಮ್ಮಾ, ನಿಮ್ಮನೇಲಿ ವಿಮಾನ ಗಿಮಾನ ಇಳಿಸ್ತಿದ್ದೀರಾ?" ಎಂದು ಕೆಳಗಿನ ಮನೆಯ ಮಾಲೀಕರ ಹೆಂಡತಿ ಕೇಳಿದಾಗ ನಾನು ನಕ್ಕು ಸುಮ್ಮನಾಗಿದ್ದೆ. ಮುಂದಿನ ವಾರ ಅವರ ಮುಖದಲ್ಲಿ ನಗುವಿರಲಿಲ್ಲ. ಅದರ ಮುಂದಿನ ವಾರ ಮಾಲೀಕರೇ ಮೆಟ್ಟಿಲು ಹತ್ತಿ ಬಂದು, "ಆ ವಾಷಿಂಗ್ ಮಷೀನ್ ಸರಿಮಾಡಿಸಿ, ಇಲ್ಲಾಂದ್ರೆ ಕೈಯಲ್ಲೇ ಒಗೀರಿ" ಎಂದು ಕಡ್ಡಿ ಮುರಿದಂತೆ ಹೇಳಿ ಹೋದರು.

ಕೈಯಲ್ಲಿ ಒಗೆಯುವುದು ನನ್ನಿಂದ ಆಗುವ ಮಾತಾಗಿರಲಿಲ್ಲ. ನಮ್ಮತ್ತೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರು. ಅವರನ್ನು ಆಸ್ಪತ್ರೆಗೆ ತೋರಿಸಲು ಅನುಕೂಲವಾಗಲೆಂದೇ ಗುಬ್ಬಿಯ ಮನೆಗೆ ಬೀಗ ಹಾಕಿ ತುಮಕೂರಿನ ಕ್ಯಾತ್ಸಂದ್ರದಲ್ಲಿ ಬಾಡಿಗೆಗೆ ಬಂದಿದ್ದೆವು. ದಿನಕ್ಕೆ ಎರಡು ಮೂರು ಬೆಡ್‌ಶೀಟು ಒಗೆಯಲು ಬೀಳುತ್ತಿದ್ದವು. ಮಷೀನ್ ಹಿಂಡುವ ಹಂತಕ್ಕೆ ಬಂದು ಕೂಗಲು ಶುರುಮಾಡಿದರೆ ಅತ್ತೆ, "ನನ್ನಿಂದ ನಿಮಗೆಲ್ಲಾ ಮಾತು" ಎಂದು ಮುಖವನ್ನು ಗೋಡೆಯ ಕಡೆ ಮಾಡುತ್ತಿದ್ದರು. ಆ ಸದ್ದಿಗಿಂತ ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ರಿಪೇರಿಯವನು ಬಂದು ಎರಡು ನಿಮಿಷ ಓಡಿಸಿದ. "ಟಬ್ಬೇ ಹೋಗಿದೆ ಮೇಡಂ, ಹನ್ನೆರಡು ಸಾವಿರ ಆಗುತ್ತೆ. ಎಂಟು ವರ್ಷದ ಮಷೀನಿಗೆ ಯಾಕೆ ಖರ್ಚು, ಹೊಸದು ತಗೊಳ್ಳಿ" ಎಂದ. ಆಸ್ಪತ್ರೆ ಬಿಲ್ಲಿನ ನಡುವೆ ಹೊಸದೆಲ್ಲಿ ತರೋಣ?

ಕುಣಿಗಲ್ಲಿನಲ್ಲಿರುವ ನಮ್ಮಪ್ಪನಿಗೆ ಫೋನ್ ಮಾಡಿದೆ. ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. "ಫೋನನ್ನ ಮಷೀನ್ ಹತ್ರ ಹಿಡಿಯವ್ವ" ಎಂದರು. ಕೇಳಿಸಿಕೊಂಡು, "ಇದು ಒಂದು ಸದ್ದಲ್ಲ ಕಣವ್ವ, ಎರಡು ಸದ್ದು. ನಾಳೆ ಬರ್ತೀನಿ, ಅಲ್ಲೀತನಕ ಓಡಿಸಬೇಡ" ಎಂದರು.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಬಂದವರು ಕಾಫಿಯನ್ನೂ ಕುಡಿಯದೆ ಮೊದಲು ಪ್ಲಗ್ ಕಿತ್ತರು. ಮುಂದೆ ಕೆಳಗಿರುವ ಪುಟ್ಟ ಮುಚ್ಚಳ ತೆಗೆದು ಫಿಲ್ಟರ್ ಬಿಚ್ಚಿದಾಗ ಎರಡು ರೂಪಾಯಿಯ ನಾಣ್ಯ, ಒಂದು ಹೇರ್‌ಪಿನ್ ಸಿಕ್ಕವು. "ಸಿಕ್ತಲ್ಲ ಕಳ್ಳ!" ಎಂದು ನಮ್ಮವರು ಖುಷಿಪಟ್ಟರು. ಅಪ್ಪ ತಲೆಯಾಡಿಸಿದರು. "ಇಲ್ಲ ಅಳಿಯಂದ್ರೇ. ನಾಣ್ಯ ಇದ್ರೆ ಟಣ್ ಟಣ್ ಅನ್ನುತ್ತೆ, ಬಟ್ಟೆ ಮೆಲ್ಲಗೆ ತಿರುಗುವಾಗ್ಲೂ ಕೇಳುತ್ತೆ. ಇದು ಜೋರಾಗಿ ಹಿಂಡುವಾಗ ಮಾತ್ರ ಕೂಗೋದು."

ಆಮೇಲೆ ಬಾಗಿಲು ತೆಗೆದು ಡ್ರಮ್ಮನ್ನು ಕೆಳಕ್ಕೆ ಒತ್ತಿ ಬಿಟ್ಟರು. ಒಮ್ಮೆ ಮೇಲೆದ್ದು ನಿಲ್ಲಬೇಕಾದದ್ದು ತೊಟ್ಟಿಲಿನಂತೆ ಕುಣಿಯುತ್ತಲೇ ಇತ್ತು. "ಗುಬ್ಬಿಯಿಂದ ತರುವಾಗ ಹಿಂದುಗಡೆ ನಾಲ್ಕು ಬೋಲ್ಟ್ ಹಾಕಿದ್ರಾ?" ಎಂದು ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಮಷೀನಿನ ಟಬ್ಬು ಪೆಟ್ಟಿಗೆಯೊಳಗೆ ಸ್ಪ್ರಿಂಗುಗಳಿಗೆ ನೇತುಬಿದ್ದಿರುತ್ತದೆ, ಕೆಳಗೆ ಶಾಕ್ ಅಬ್ಸಾರ್ಬರುಗಳು. ಮೇಲಾಗಿ ಅದಕ್ಕೆ ಕಾಂಕ್ರೀಟಿನ ಭಾರ ಕಟ್ಟಿರುತ್ತಾರೆ. ಸಾಗಿಸುವಾಗ ಅದು ಅಲುಗದಿರಲೆಂದು ಕಂಪನಿಯವರು ಬೋಲ್ಟು ಹಾಕಿ ಬಿಗಿದಿರುತ್ತಾರೆ. ನಾವು ಬೋಲ್ಟಿಲ್ಲದೆ ಟೆಂಪೊದಲ್ಲಿ ಹೇರಿ ಇಪ್ಪತ್ತು ಕಿಲೋಮೀಟರ್ ಕುಲುಕಿಸಿ ತಂದಿದ್ದೆವು. ಶಾಕ್ ಅಬ್ಸಾರ್ಬರ್ ಒಂದು ಮುರಿದಿತ್ತು. ಧಡಧಡ ಎನ್ನುತ್ತಿದ್ದ ಮೊದಲನೇ ಸದ್ದು ಅದರದ್ದು.

ಆರನೇ ಕ್ಲಾಸಿನ ಮಗಳು, "ಬಟ್ಟೆ ಅಷ್ಟೊಂದು ಭಾರ ಇರುತ್ತಾ ತಾತ?" ಎಂದಳು. ಅಪ್ಪ ನನ್ನ ಕಡೆ ಕೈ ತೋರಿಸಿದರು. ಲೆಕ್ಕದ ಟೀಚರ್ ನಾನೇ ತಾನೆ! ಡ್ರಮ್ಮಿನ ತ್ರಿಜ್ಯ 24 ಸೆಂ.ಮೀ., ನಿಮಿಷಕ್ಕೆ 1000 ಸುತ್ತು ಎಂದಿಟ್ಟುಕೊಂಡರೆ, ಒಂದೇ ಕಡೆ ಮುದ್ದೆಯಾದ 1 ಕೆ.ಜಿ. ಒದ್ದೆ ಬಟ್ಟೆ ಸುಮಾರು 270 ಕೆ.ಜಿ. ಭಾರದಷ್ಟು ಬಲದಿಂದ ಡ್ರಮ್ಮನ್ನು ಹೊರಕ್ಕೆ ಎಳೆಯುತ್ತದೆ. ಒಂದೇ ದಪ್ಪ ಬೆಡ್‌ಶೀಟು ಹಾಕಿದಾಗ ಮಷೀನ್ ಕುಣಿಯುವುದು ಇದಕ್ಕೇ. ಜೊತೆಗೆ ಎರಡು ಟವೆಲ್ಲಾದರೂ ಇದ್ದರೆ ಭಾರ ಸುತ್ತಲೂ ಹಂಚಿಕೆಯಾಗುತ್ತದೆ.

ವಿಮಾನದ ಸದ್ದು ಉಳಿದಿತ್ತು. ಅಪ್ಪ ಹಿಂದಿನ ತಗಡು ಬಿಚ್ಚಿ ಬೆಲ್ಟ್ ಕಳಚಿದರು. ಮೋಟಾರನ್ನು ಮಾತ್ರ ಕೈಯಲ್ಲಿ ತಿರುಗಿಸಿದಾಗ ನುಣ್ಣಗೆ ತಿರುಗಿತು. ಡ್ರಮ್ಮನ್ನು ತಿರುಗಿಸಿದರೆ ಗರಗರ, ಹಲ್ಲಿನಡಿ ಮರಳು ಸಿಕ್ಕಂತೆ. ಡ್ರಮ್ಮಿನ ಅಂಚು ಹಿಡಿದು ಎತ್ತಿದರೆ ಲೊಡಲೊಡ ಅಲುಗಿತು. ಟಬ್ಬಿನ ಹಿಂಬದಿಯಲ್ಲಿ ನಡುವಿನಿಂದ ಕೆಳಕ್ಕೆ ತುಕ್ಕಿನ ಕಂದು ಗೆರೆ ಇಳಿದಿತ್ತು. "ಬೇರಿಂಗ್ ಹೋಗಿದೆ" ಎಂದರು.

ಬೋರ್‌ವೆಲ್ಲಿನ ಗಡಸು ನೀರಿನಿಂದಲೇ ಹೀಗಾಯಿತೆಂದು ನಾನು ಅಂದುಕೊಂಡಿದ್ದೆ. ಗಡಸು ನೀರಿನ ಸುಣ್ಣ ಕಟ್ಟುವುದು ಹೆಚ್ಚಾಗಿ ಹೀಟರಿಗೆ. ಬೇರಿಂಗಿನ ಮುಂದೆ ರಬ್ಬರಿನ ಸೀಲ್ ಇರುತ್ತದೆ. ಅದು ಸವೆದರೆ ಸೋಪಿನ ನೀರು ಒಳಗಿಳಿದು ಗ್ರೀಸ್ ತೊಳೆದುಹೋಗುತ್ತದೆ, ಗುಂಡುಗಳು ತುಕ್ಕು ಹಿಡಿಯುತ್ತವೆ. ಬೇರಿಂಗ್ ಮಾತ್ರ ಹಾಕಿ ಹಳೇ ಸೀಲ್ ಬಿಟ್ಟರೆ ಮತ್ತೆ ಅದೇ ಕತೆ. ಹಾಗೇ ಓಡಿಸುತ್ತಿದ್ದರೆ ಡ್ರಮ್ಮು ಟಬ್ಬಿಗೆ ಉಜ್ಜಿ ನಿಜಕ್ಕೂ ಹನ್ನೆರಡು ಸಾವಿರದ ಕೆಲಸವೇ ಆಗುತ್ತಿತ್ತು. ಕೆಲವು ಮಷೀನುಗಳಲ್ಲಿ ಟಬ್ಬಿನ ಎರಡು ಹೋಳುಗಳನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ. ಆಗ ಟಬ್ಬನ್ನೇ ಬದಲಿಸಬೇಕು. ನಮ್ಮದು ಸ್ಕ್ರೂ ಹಾಕಿದ್ದು, ಪುಣ್ಯ!

ಅಪ್ಪನ ಪರಿಚಯದ ಮೋಟಾರ್ ರಿಪೇರಿ ಹುಡುಗ ಎರಡು ದಿನ ತೆಗೆದುಕೊಂಡ. ಎರಡು ಬೇರಿಂಗು, ಸೀಲು, ಶಾಕ್ ಅಬ್ಸಾರ್ಬರು, ಕೂಲಿ ಎಲ್ಲಾ ಸೇರಿ 4,300 ರೂಪಾಯಿ. ಕಿತ್ತ ಬೇರಿಂಗಿನ ಮೇಲೆ 6206 ಎಂದು ಕೆತ್ತಿತ್ತು. ಅಪ್ಪ ಅದನ್ನು ಮೊಮ್ಮಗಳ ಕೈಗಿಟ್ಟು, "ಕೊನೇ ಎರಡು ಅಂಕಿನ ಐದರಿಂದ ಗುಣಿಸು, ನಡುವಿನ ತೂತಿನ ಅಳತೆ ಬರುತ್ತೆ" ಎಂದರು. ಅವಳು ಸ್ಕೇಲ್ ತಂದು ಅಳೆದಳು. ಸರಿಯಾಗಿ 30 ಮಿ.ಮೀ.! ಶಾಲೆಗೆ ಒಯ್ದು ಎಲ್ಲರಿಗೂ ತೋರಿಸಿ ಬಂದಳು.

ಈಗ ಹಿಂಡುವಾಗ ಬರೀ ಗಾಳಿ ಬೀಸಿದಂಥ ಸದ್ದು. ಮಾಲೀಕರ ಹೆಂಡತಿ ಮೇಲೆ ಬಂದು, ಅತ್ತೆಯ ಪಕ್ಕ ಕೂತು ಅರ್ಧ ಗಂಟೆ ಮಾತಾಡಿ ಹೋದರು. ಗುಬ್ಬಿಯ ಅಟ್ಟದ ಮೇಲೆ ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿದ್ದ ನಾಲ್ಕು ಬೋಲ್ಟುಗಳನ್ನು ನಮ್ಮವರು ಹುಡುಕಿ ತಂದು, ಕವರಿಗೆ ಹಾಕಿ ಮಷೀನಿನ ಹಿಂದೆಯೇ ಕಟ್ಟಿದ್ದಾರೆ. ಅತ್ತೆ ವಾಕರ್ ಹಿಡಿದು ಬಾಗಿಲವರೆಗೂ ಬರುತ್ತಿದ್ದಾರೆ. ಊರಿಗೆ ವಾಪಸ್ ಹೊರಡುವ ದಿನ ಅವು ಬೇಕಾಗುತ್ತವೆ.