ಹುಳು ಮನೆಯ ಮಳೆ ಸದ್ದು ಫೋನಿಗೆ ಯಾಕೆ ಸಿಗಲಿಲ್ಲ?

ಇಯರ್‌ಫೋನ್ ಇದ್ರೆ ಹಾಕ್ಕೊಳ್ಳಿ, ಇವತ್ತಿನ ವಿಷಯ ಅದರದ್ದೇ.

ಶಿಡ್ಲಘಟ್ಟ ಕಡೆಯವರಿಗೆ ಈ ಸದ್ದು ಗೊತ್ತು. ನಾಲ್ಕನೇ ಜ್ವರ ಎದ್ದ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಸುಮ್ಮನೆ ನಿಂತರೆ, ಸೋನೆ ಮಳೆ ಬಂದ ಹಾಗೆ ಕೇಳುತ್ತೆ. ದಿಬ್ಬೂರಹಳ್ಳಿಯಲ್ಲಿ ನಮ್ಮಜ್ಜಿಯ ಹೆಂಚಿನ ಹುಳು ಮನೆಯನ್ನ ಬೇಸಿಗೆಗೆ ಕೆಡವ್ತಾರೆ. ಅದಕ್ಕೇ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡೆ. ಕೇಳಿಸಿದ್ರೆ ಅಜ್ಜಿ, "ಏನೋ ಕರೀತಿರೋ ಸದ್ದು ಇದ್ದಂಗೈತೆ ಕಣಪ್ಪ" ಅಂದ್ರು!

ಅಜ್ಜಿ ಹೇಳಿದ್ದು ಸರಿ. ಹುಳು ಮನೇಲಿ ಸದ್ದು ಒಂದೇ ಕಡೆಯಿಂದ ಬರಲ್ಲ. ಸಾವಿರಾರು ಹುಳದ ಸದ್ದು ಗೋಡೆಗೆ, ಹೆಂಚಿಗೆ ಬಡಿದು ಬರುತ್ತೆ. ಕೋಣೆಯ ಒಂದೊಂದು ಜಾಗದಲ್ಲೂ ಗಾಳಿಯ ಒತ್ತಡ ಬೇರೆ ಬೇರೆ ಥರ ಏರಿಳಿಯುತ್ತೆ. ಈ ಇಡೀ ಹರಡಿಕೆಯೇ ಧ್ವನಿ ಕ್ಷೇತ್ರ, ಅಂದ್ರೆ ಸೌಂಡ್ ಫೀಲ್ಡ್. ನನ್ನ ಫೋನ್ ಹಿಡಿದದ್ದು ಅದರಲ್ಲಿ ಒಂದೇ ಒಂದು ಜಾಗ.

ಸಂಶೋಧಕರು ಇಲ್ಲಿ ಮೂರು ಕೆಲಸ ಮಾಡ್ತಾರೆ: ಲೆಕ್ಕ ಹಾಕೋದು, ಅಳೆಯೋದು, ಮತ್ತೆ ಕಟ್ಟೋದು.

ಮೊದಲೆರಡಕ್ಕೆ ವಿಜಯಪುರದ ಗೋಲ್ ಗುಂಬಜ್ ನೆನಪಿಸಿಕೊಳ್ಳಿ. ಒಳಗಿನ ಅಗಲ ಸುಮಾರು 38 ಮೀಟರ್. ಈ ಕಡೆ ಪಿಸುಗುಟ್ಟಿದ್ರೆ ಆ ಕಡೆ ಕೇಳುತ್ತೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದಲ್ಲೂ ಹೀಗೇ. ಸದ್ದು ಬಾಗಿದ ಗೋಡೆಗೆ ಅಂಟಿಕೊಂಡೇ ಸಾಗುತ್ತೆ ಅಂತ ಲಾರ್ಡ್ ರೇಲಿ ಲೆಕ್ಕ ಕೊಟ್ಟಿದ್ರು. 1921ರಲ್ಲಿ ಸಿ.ವಿ. ರಾಮನ್ ಮತ್ತು ಸದರ್ಲೆಂಡ್ ಅಲ್ಲೇ ಹೋಗಿ ಪರೀಕ್ಷೆ ಮಾಡಿದ್ರು. ಗೋಡೆಯಿಂದ ದೂರ ಬರ್ತಾ ಸದ್ದು ಒಂದೇ ಸಮ ಕಡಿಮೆ ಆಗ್ಲಿಲ್ಲ, ಏರಿಳಿಯಿತು. ಲೆಕ್ಕ ಹೇಳದೇ ಇದ್ದದ್ದನ್ನ ಅಳತೆ ಹೇಳಿತು. ರಾಮನ್ ಆಮೇಲೆ ಗೋಲ್ ಗುಂಬಜ್ ಬಗ್ಗೆಯೂ ಬರೆದ್ರು.

ಮೂರನೇದು, ಮತ್ತೆ ಕಟ್ಟೋದು. ಖಾಲಿ ಕೋಣೇಲಿ ಒಂದು ಬಲೂನ್ ಒಡೆದು, ಅದು ಹೇಗೆ ಮೊಳಗಿ ಅಡಗುತ್ತೆ ಅಂತ ರೆಕಾರ್ಡ್ ಮಾಡಿದ್ರೆ ಆ ಕೋಣೆಯ ಗುರುತು ಸಿಕ್ಕ ಹಾಗೆ. ಆಮೇಲೆ ಯಾವ ದನಿಯನ್ನಾದ್ರೂ ಕಂಪ್ಯೂಟರಿನಲ್ಲಿ ಆ ಕೋಣೆಯೊಳಗೆ ಕೂರಿಸಬಹುದು. ಪ್ಯಾರಿಸ್ಸಿನ ನೋಟ್ರ್ ಡಾಮ್ ಚರ್ಚಿನಲ್ಲಿ 2013ರಲ್ಲಿ ಇಂಥ ಅಳತೆ ಆಗಿತ್ತು. 2019ರಲ್ಲಿ ಬೆಂಕಿ ಬಿತ್ತು, ಚಾವಣಿ ಹೋಯ್ತು. ಆದ್ರೆ ಹಳೇ ಚರ್ಚಿನ ದನಿ ಹೇಗಿತ್ತು ಅನ್ನೋ ದಾಖಲೆ ಉಳೀತು. ಕಟ್ಟಡ ಬಿದ್ದ ಮೇಲೆ ಅಳೆಯೋಕೆ ಆಗಲ್ಲ, ಅಷ್ಟೇ ವಿಷಯ.

ಹಾಗಾದ್ರೆ ನಾವೇನು ಮಾಡಬಹುದು? ಎರಡು ಫೋನ್ ತಗೊಳ್ಳಿ. ನಮ್ಮ ಎರಡು ಕಿವಿಗೆ ಇರೋವಷ್ಟೇ ಅಂತರದಲ್ಲಿ, ಸುಮಾರು ಒಂದು ಗೇಣು, ಇಟ್ಟು ಎರಡರಲ್ಲೂ ರೆಕಾರ್ಡ್ ಶುರು ಮಾಡಿ. ಸರಿಯಾಗಿ ಮಧ್ಯದಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ. ಎಡಿಟ್ ಮಾಡುವಾಗ ಆ ಚಪ್ಪಾಳೆ ಹೊಂದಿಸಿ, ಒಂದನ್ನ ಎಡಕ್ಕೆ, ಇನ್ನೊಂದನ್ನ ಬಲಕ್ಕೆ ಹಾಕಿ. ಪಕ್ಕದಿಂದ ಬರೋ ಸದ್ದು ಎರಡು ಕಿವಿಗೆ ಅರ್ಧ ಮಿಲಿಸೆಕೆಂಡಿನಷ್ಟು ಹಿಂದುಮುಂದಾಗಿ ಬರುತ್ತೆ. ದಿಕ್ಕು ತಿಳಿಯೋಕೆ ಮಿದುಳಿಗೆ ಅಷ್ಟು ಸುಳಿವು ಸಾಕು. ಪೂರ್ತಿ ಕ್ಷೇತ್ರ ಸಿಗಲ್ಲ, ಆದ್ರೆ ಎಡ ಬಲ ಸಿಗುತ್ತೆ.

ಮುಂದಿನ ಬೆಳೆ ಜ್ವರ ಎದ್ದಾಗ ಎರಡು ಫೋನು, ಒಂದು ಬಲೂನು ತಗೊಂಡು ಹೋಗ್ತೀನಿ. ಬಲೂನು ಒಡೆಯೋದು ಹುಳ ಗೂಡು ಕಟ್ಟಿ ಮನೆ ಖಾಲಿ ಆದ ಮೇಲೆ, ಇಲ್ಲಾಂದ್ರೆ ಅಜ್ಜಿ ಬಿಡಲ್ಲ. ನಿಮ್ಮೂರಲ್ಲಿ ಹೋಗ್ತಾ ಇರೋ ಸದ್ದು ಯಾವುದು? ರೆಕಾರ್ಡ್ ಮಾಡಿ ಕಳಿಸಿ. ಸಿಗೋಣ.