ಮಗಳ ಲಾಯರ್ ಓದು: ಇನ್ನೊಂದು ವರ್ಷ ಕಾಯೋಣವೇ, ಸಾಲ ಮಾಡೋಣವೇ?

"ಮಗಳು ಲಾ ಓದ್ತೀನಿ ಅಂತ ಹಟ ಹಿಡಿದಾಳ್ರೀ, ಏನ್ ಮಾಡೋದು?" ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆಯ ತಾಯಂದಿರ ಬಾಯಲ್ಲಿ ಈ ಮಾತು ಈಗ ಅಪರೂಪವಲ್ಲ. ಹಿಂದೆ ಡಾಕ್ಟರು, ಇಂಜಿನಿಯರು, ಅದಾಗದಿದ್ದರೆ ಟೀಚರು ಎನ್ನುವಷ್ಟಕ್ಕೆ ನಮ್ಮ ಆಸೆ ಮುಗಿಯುತ್ತಿತ್ತು. ಈಗಿನ ಹುಡುಗಿಯರಿಗೆ ಕರಿಕೋಟೂ ಇಷ್ಟವೇ. ಸಂತೋಷದ ಸಂಗತಿ. ಆದರೆ ಸಂತೋಷದ ಬೆನ್ನಿಗೇ ಮೂರು ಚಿಂತೆಗಳು ಬರುತ್ತವೆ. ಸೀಟು ಸಿಕ್ಕೀತೇ? ಸಿಗದಿದ್ದರೆ ಇನ್ನೊಮ್ಮೆ ಪರೀಕ್ಷೆ ಬರೆಸಬೇಕೇ? ಸಿಕ್ಕರೆ ದುಡ್ಡಿಗೆ ಏನು ದಾರಿ? ಈ ಮೂರನ್ನೂ ಬೇರೆಬೇರೆಯಾಗಿ ಯೋಚಿಸುವುದರಿಂದಲೇ ಎಷ್ಟೋ ಮನೆಗಳಲ್ಲಿ ತೀರ್ಮಾನ ತಪ್ಪುತ್ತದೆ. ಒಟ್ಟಿಗೆ ಇಟ್ಟು ತೂಗಿ ನೋಡೋಣ, ಬನ್ನಿ.

ಪರೀಕ್ಷೆ ಎಂಥದ್ದು?

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ಎಂದು ಕರೆಸಿಕೊಳ್ಳುವ ದೊಡ್ಡ ಶಾಲೆಗಳು ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚಿವೆ. ಇವುಗಳಲ್ಲಿ ಮೊದಲನೆಯದು ನಮ್ಮ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್. ಇಂಥ ಶಾಲೆಗಳಲ್ಲಿ ಪಿಯುಸಿ ನಂತರದ ಐದು ವರ್ಷದ ಓದಿಗೆ ಬಹುಪಾಲು ಸೀಟುಗಳು ಕ್ಲಾಟ್ ಎಂಬ ಒಂದೇ ಪರೀಕ್ಷೆಯ ಮೂಲಕ ಸಿಗುತ್ತವೆ. ಈ ಪರೀಕ್ಷೆ 2008ರಿಂದ ನಡೆದುಬಂದಿದೆ. ಈಗ ಅದು ಡಿಸೆಂಬರ್ ತಿಂಗಳಲ್ಲಿ, ಅಂದರೆ ಹುಡುಗಿ ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ಬರುತ್ತದೆ. ಎರಡು ಗಂಟೆಯಲ್ಲಿ 120 ಪ್ರಶ್ನೆ. ಸರಿಯುತ್ತರಕ್ಕೆ ಒಂದು ಅಂಕ, ತಪ್ಪಾದರೆ ಕಾಲು ಅಂಕ ಕಡಿತ. ಕಾನೂನನ್ನು ಮೊದಲೇ ಓದಿರಬೇಕೆಂದಿಲ್ಲ. ಉದ್ದುದ್ದ ಇಂಗ್ಲಿಷ್ ಭಾಗಗಳನ್ನು ಕೊಟ್ಟು, ಅದನ್ನೋದಿ ಯೋಚಿಸಿ ಉತ್ತರಿಸಿ ಎನ್ನುತ್ತಾರೆ. ಜೊತೆಗೆ ಪ್ರಚಲಿತ ವಿದ್ಯಮಾನ, ತರ್ಕ, ಒಂದಿಷ್ಟು ಲೆಕ್ಕ.

ಎಪ್ಪತ್ತು ಸಾವಿರಕ್ಕೂ ಮಿಕ್ಕಿ ಮಕ್ಕಳು ಅರ್ಜಿ ಹಾಕುತ್ತಾರೆ. ಎಲ್ಲ ಶಾಲೆ ಸೇರಿ ಸೀಟುಗಳು ನಾಲ್ಕು ಸಾವಿರದ ಆಸುಪಾಸು. ಸುಮಾರು ಇಪ್ಪತ್ತು ಮಂದಿಗೆ ಒಂದು ಸೀಟು ಎಂದಾಯಿತು. ಆದ್ದರಿಂದ ಸೀಟು ಬರಲಿಲ್ಲವೆಂದರೆ ಹುಡುಗಿ ದಡ್ಡಿ ಎಂದು ಅರ್ಥವಲ್ಲ. ಈ ಮಾತನ್ನು ಮನೆಯವರು ಫಲಿತಾಂಶಕ್ಕೆ ಮೊದಲೇ ಅವಳಿಗೆ ಹೇಳಿಟ್ಟಿರಬೇಕು.

ನಮ್ಮ ಕಡೆಯ ಮಕ್ಕಳಿಗೆ ಒಂದು ಅನುಕೂಲವೂ ಉಂಟು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆಂದು ಶೇಕಡಾ 25 ಸೀಟುಗಳಿವೆ. ಕರ್ನಾಟಕದ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಹತ್ತು ವರ್ಷವಾದರೂ ಓದಿರಬೇಕು. ಗಡಿಯ ಊರುಗಳಲ್ಲಿ ಕೆಲವು ವರ್ಷ ಆಂಧ್ರದ ಶಾಲೆಗೆ ಹೋದ ಮಕ್ಕಳಿರುತ್ತಾರೆ. ಅಂಥವರು ವರ್ಷಗಳನ್ನು ಮೊದಲೇ ಎಣಿಸಿ, ಪ್ರಮಾಣಪತ್ರ ಮಾಡಿಸಿ ಇಟ್ಟುಕೊಳ್ಳುವುದು ಲೇಸು.

ಇನ್ನೊಮ್ಮೆ ಬರೆಯಲೇ ಅಮ್ಮಾ?

ಕ್ಲಾಟ್‌ಗೆ ವಯಸ್ಸಿನ ಮಿತಿಯಿಲ್ಲ. ಎಷ್ಟು ಸಲ ಬೇಕಾದರೂ ಬರೆಯಬಹುದು. ತೊಂದರೆ ಬರುವುದು ನಮ್ಮ ಮನೆಗಳಲ್ಲಿ. ಗಂಡುಹುಡುಗ ಒಂದು ವರ್ಷ ಮನೆಯಲ್ಲಿ ಕೂತರೆ "ಪರೀಕ್ಷೆಗೆ ಓದ್ತಿದಾನೆ" ಎನ್ನುತ್ತೇವೆ. ಹುಡುಗಿ ಕೂತರೆ ಮೂರನೇ ತಿಂಗಳಿಗೇ ದೊಡ್ಡಮ್ಮ ಒಂದು ಜಾತಕ ಹಿಡಿದು ಬರುತ್ತಾರೆ. "ಹೆಂಗೂ ಖಾಲಿ ಕೂತಾಳಲ್ಲ, ನೋಡಿದ್ರೆ ತಪ್ಪೇನು?" ಖಾಲಿ ಕೂತ ಆ ವರ್ಷವೇ ಎಷ್ಟೋ ಹುಡುಗಿಯರ ಓದಿನ ಕೊನೆಯ ವರ್ಷವಾಗಿದೆ. ಆದ್ದರಿಂದ ಇನ್ನೊಮ್ಮೆ ಬರೆಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು, ಎಷ್ಟರಲ್ಲಿ ತಪ್ಪಿತು? ಹಿಂದಿನ ವರ್ಷ ಯಾವ ಶಾಲೆಯಲ್ಲಿ ಯಾವ ರ‍್ಯಾಂಕಿಗೆ ಸೀಟು ಮುಗಿಯಿತು ಎಂಬ ಪಟ್ಟಿ ಸಿಗುತ್ತದೆ. ಮಗಳ ವರ್ಗದ ಸಾಲಿನಲ್ಲಿ ಅವಳ ರ‍್ಯಾಂಕ್ ಇಟ್ಟು ನೋಡಿ. ಸ್ವಲ್ಪದರಲ್ಲಿ ತಪ್ಪಿದ್ದರೆ ಒಂದು ಮಾತು; ಹತ್ತಾರು ಸಾವಿರ ಹಿಂದಿದ್ದರೆ ಬೇರೆ ಮಾತು.

ಎರಡು, ಏಕೆ ತಪ್ಪಿತು? ಕನ್ನಡ ಮಾಧ್ಯಮದಲ್ಲಿ ಓದಿದ ಜಾಣೆ ಹುಡುಗಿ, ಇಂಗ್ಲಿಷ್ ನಿಧಾನವಾಗಿ ಓದಿದ್ದರಿಂದ ಮೂವತ್ತು ಪ್ರಶ್ನೆ ಮುಟ್ಟಲೇ ಇಲ್ಲವೆಂದುಕೊಳ್ಳಿ. ಅವಳಿಗೆ ಇನ್ನೊಂದು ವರ್ಷ ನಿಜಕ್ಕೂ ಲಾಭ. ದಿನಕ್ಕೊಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಗಡಿಯಾರ ಇಟ್ಟುಕೊಂಡು ಓದಿದರೆ ವರ್ಷದಲ್ಲಿ ವೇಗ ಬರುತ್ತದೆ. ಆದರೆ ಎರಡು ವರ್ಷ ಒಳ್ಳೆಯ ಕೋಚಿಂಗ್ ಪಡೆದು, ಎಲ್ಲ ಪ್ರಶ್ನೆ ಮುಟ್ಟಿಯೂ ಅಂಕ ಬರದಿದ್ದವಳಿಗೆ ಮೂರನೆಯ ವರ್ಷ ಹೊಸದೇನನ್ನೂ ಕೊಡುವುದು ಕಷ್ಟ.

ಮೂರು, ಆ ವರ್ಷ ಅವಳು ಏನು ಮಾಡುತ್ತಿರುತ್ತಾಳೆ? ಇದೇ ಮುಖ್ಯ. ಸುಮ್ಮನೆ ಮನೆಯಲ್ಲಿ ಕೂರಿಸಬೇಡಿ. ಹತ್ತಿರದ ಕಾನೂನು ಕಾಲೇಜಿಗೋ ಪದವಿ ಕಾಲೇಜಿಗೋ ಸೇರಿಸಿ, ಅಲ್ಲಿಂದಲೇ ಡಿಸೆಂಬರಿನಲ್ಲಿ ಇನ್ನೊಮ್ಮೆ ಬರೆಸಿ. ಸೀಟು ಬಂದರೆ ಹೋಗಲಿ. ಅಲ್ಲಿ ಮತ್ತೆ ಮೊದಲ ವರ್ಷದಿಂದಲೇ ಶುರು ಮಾಡಬೇಕು, ಕಟ್ಟಿದ ಶುಲ್ಕ ಹೋದಂತೆಯೇ ಸರಿ. ಬಾರದಿದ್ದರೆ ಒಂದು ವರ್ಷದ ಓದು ಕೈಯಲ್ಲಿದೆ, ದೊಡ್ಡಮ್ಮನಿಗೂ ಉತ್ತರ ಸಿದ್ಧವಿದೆ.

ಕೋಚಿಂಗಿಗೆ ದುಡ್ಡು ಸುರಿಯುವ ಮೊದಲು, ಹಳೆಯ ಪ್ರಶ್ನೆಪತ್ರಿಕೆಗಳು ಪರೀಕ್ಷೆ ನಡೆಸುವ ಒಕ್ಕೂಟದ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತವೆ ಎಂಬುದನ್ನು ಮರೆಯಬೇಡಿ. ಪರೀಕ್ಷೆಯ ಅರ್ಜಿಗೇ ಸಾಮಾನ್ಯ ವರ್ಗಕ್ಕೆ ನಾಲ್ಕು ಸಾವಿರ ರೂಪಾಯಿ ಆಗುತ್ತದೆ.

ಸಾಲದ ಲೆಕ್ಕ

ಸೀಟು ಸಿಕ್ಕಿತೆನ್ನೋಣ. ದೊಡ್ಡ ಶಾಲೆಗಳಲ್ಲಿ ಶುಲ್ಕ, ಹಾಸ್ಟೆಲು, ಊಟ ಸೇರಿ ವರ್ಷಕ್ಕೆ ಲಕ್ಷಗಳ ಮಾತು. ಲೆಕ್ಕಕ್ಕೆಂದು ವರ್ಷಕ್ಕೆ ಮೂರು ಲಕ್ಷದಂತೆ ಐದು ವರ್ಷ, ಒಟ್ಟು 15 ಲಕ್ಷ ಸಾಲ, ಬಡ್ಡಿ ಶೇಕಡಾ 10 ಎಂದಿಟ್ಟುಕೊಳ್ಳಿ. ಓದು ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಿಲ್ಲ. ಇದನ್ನು ಕೇಳಿ ಅನೇಕರು ನಿಶ್ಚಿಂತರಾಗುತ್ತಾರೆ. ಆದರೆ ಬಡ್ಡಿ ನಿದ್ದೆ ಮಾಡುವುದಿಲ್ಲ! ಸರಳ ಬಡ್ಡಿ ಹಿಡಿದರೂ ಆ ಹೊತ್ತಿಗೆ ಆರು ಲಕ್ಷ ಸೇರಿ ಸಾಲ 21 ಲಕ್ಷವಾಗಿರುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 27,750 ರೂಪಾಯಿ, ಹದಿನೈದು ವರ್ಷವಾದರೆ ಸುಮಾರು 22,570.

ಈಗ ಇನ್ನೊಂದು ಪ್ರಶ್ನೆ. ಮಗಳು ಓದಿ ಏನಾಗಬೇಕೆಂದಿದ್ದಾಳೆ? ಬೆಂಗಳೂರು ಮುಂಬಯಿಯ ದೊಡ್ಡ ಕಂಪನಿಗಳಿಗೆ, ಲಾ ಫರ್ಮ್‌ಗಳಿಗೆ ಹೋದರೆ ಈ ಕಂತು ಕಟ್ಟಬಹುದು. ಬಳ್ಳಾರಿಯ ಕೋರ್ಟಿನಲ್ಲಿ ವಕೀಲಿ ಮಾಡುವ ಆಸೆಯಿದ್ದರೆ? ಮೊದಲ ಎರಡು ಮೂರು ವರ್ಷ ಜೂನಿಯರ್‌ಗೆ ಸಿಗುವ ದುಡ್ಡು ಕೈಖರ್ಚಿಗೆ ಸಾಕಾದರೆ ಪುಣ್ಯ. ನ್ಯಾಯಾಧೀಶೆಯಾಗುವ ಕನಸಿದ್ದರೂ ಅಷ್ಟೇ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿ ಅನುಭವ ಬೇಕೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಸಾಲವನ್ನು ಶಾಲೆಯ ಹೆಸರು ನೋಡಿ ಅಳೆಯಬೇಡಿ, ಮುಂದಿನ ಕೆಲಸ ನೋಡಿ ಅಳೆಯಿರಿ. ಕಂತು ಮುಂದೆ ಬರಬಹುದಾದ ಸಂಪಾದನೆಯ ಮೂರನೇ ಒಂದು ಪಾಲು ಮೀರಬಾರದು ಎಂದು ಗೆರೆ ಎಳೆದುಕೊಂಡರೆ ನೆಮ್ಮದಿ.

ಭದ್ರತೆಯ ವಿಷಯ ಇನ್ನೂ ಸೂಕ್ಷ್ಮ. ಬ್ಯಾಂಕುಗಳ ಸಾಮಾನ್ಯ ಪದ್ಧತಿಯಲ್ಲಿ ನಾಲ್ಕು ಲಕ್ಷದವರೆಗೆ ಅಡಮಾನ ಬೇಕಿಲ್ಲ, ಏಳೂವರೆ ಲಕ್ಷ ದಾಟಿದರೆ ಆಸ್ತಿ ಕೇಳುತ್ತಾರೆ. ಸಿರುಗುಪ್ಪ, ಕುರುಗೋಡಿನ ಮನೆಗಳಲ್ಲಿ ಆಸ್ತಿ ಎಂದರೆ ಹೊಲ, ಗದ್ದೆ. ಅದರ ಪಹಣಿಯ ಮೇಲೆ ಆಗಲೇ ಬೆಳೆಸಾಲ ಇರುತ್ತದೆ. ಕಾಲುವೆ ನೀರು ನಂಬಿದ ಸಂಪಾದನೆ ಎಷ್ಟು ಗಟ್ಟಿ ಎಂಬುದು, 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಭತ್ತದ ನಾಡಿನವರಿಗೆಲ್ಲ ಅರಿವಾಗಿದೆ. ಸಾಲಪತ್ರಕ್ಕೆ ತಂದೆಯೋ ತಾಯಿಯೋ ಸಹಿ ಹಾಕುವುದರಿಂದ, ಮಗಳ ಕಂತು ತಪ್ಪಿದರೆ ನಾಳೆ ಅಪ್ಪನ ಬೆಳೆಸಾಲಕ್ಕೂ ಅಡ್ಡಿ ಬರುತ್ತದೆ.

ಸಹಾಯವೂ ಇಲ್ಲದಿಲ್ಲ. 2024ರ ನವೆಂಬರಿನಲ್ಲಿ ಮಂಜೂರಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಉತ್ತಮ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವಿಲ್ಲದ ಸಾಲವುಂಟು. ವಾರ್ಷಿಕ ಆದಾಯ ಎಂಟು ಲಕ್ಷದೊಳಗಿನ ಮನೆಯವರಿಗೆ ಹತ್ತು ಲಕ್ಷದವರೆಗಿನ ಸಾಲಕ್ಕೆ, ಓದುವ ಅವಧಿಯ ಬಡ್ಡಿಯಲ್ಲಿ ಶೇಕಡಾ 3ರ ರಿಯಾಯಿತಿಗೆ ಅವಕಾಶವಿದೆ. ನಾಲ್ಕೂವರೆ ಲಕ್ಷದೊಳಗಿನ ಆದಾಯದವರಿಗೆ ವೃತ್ತಿಪರ ಓದಿನ ಬಡ್ಡಿ ಪೂರ್ತಿ ಮನ್ನಾ ಆಗುವ ಯೋಜನೆಯೂ ಉಂಟು. ಕೆಲವು ಬ್ಯಾಂಕುಗಳು ಹೆಣ್ಣುಮಕ್ಕಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಕಡಿಮೆ ಮಾಡುತ್ತವೆ. ತಹಸೀಲ್ದಾರ್ ಕಚೇರಿಯ ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಓದುವಾಗಲೇ ಬಡ್ಡಿಯಷ್ಟನ್ನಾದರೂ ತಿಂಗಳು ತಿಂಗಳು ಕಟ್ಟುತ್ತ ಬಂದರೆ, ಮೇಲೆ ಹೇಳಿದ ಆರು ಲಕ್ಷದ ಹೊರೆ ತಲೆಗೆ ಬರುವುದಿಲ್ಲ.

ಮನೆಯ ಹತ್ತಿರದ ದಾರಿ

ದೊಡ್ಡ ಶಾಲೆಯ ಗೇಟು ಮುಚ್ಚಿತೆಂದು ಕಾನೂನಿನ ಬಾಗಿಲೇ ಮುಚ್ಚಲಿಲ್ಲ. ಹುಬ್ಬಳ್ಳಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದಡಿ ರಾಜ್ಯದ ಊರೂರಿನಲ್ಲಿ ಕಾಲೇಜುಗಳಿವೆ. ಬಳ್ಳಾರಿಯಲ್ಲೇ ವೀರಶೈವ ವಿದ್ಯಾವರ್ಧಕ ಸಂಘದ ವುಂಕಿ ಸಣ್ಣರುದ್ರಪ್ಪ ಕಾನೂನು ಕಾಲೇಜು ಇದೆ. ಇಂಥ ಕಾಲೇಜುಗಳಿಗೆ ಕ್ಲಾಟ್ ಬೇಡ, ಅಂಕಗಳ ಮೇಲೆ ಪ್ರವೇಶ. ಸಾಮಾನ್ಯ ವರ್ಗಕ್ಕೆ ಶೇಕಡಾ 45, ಪರಿಶಿಷ್ಟರಿಗೆ 40 ಅಂಕ ಇದ್ದರಾಯಿತು. ಪಿಯುಸಿ ಆದ ಮೇಲೆ ಐದು ವರ್ಷ, ಇಲ್ಲವೇ ಬಿ.ಎ., ಬಿ.ಕಾಂ. ಮುಗಿಸಿ ಮೂರು ವರ್ಷ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಸರಕಾರಿ, ಅನುದಾನಿತ ಕಾಲೇಜುಗಳ ಶುಲ್ಕ ದೊಡ್ಡ ಶಾಲೆಯ ಶುಲ್ಕದ ಮುಂದೆ ಏನೇನೂ ಅಲ್ಲ. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲದ್ದರಿಂದ ಕುರುಗೋಡಿನ ಹುಡುಗಿ ದಿನಾ ಬಳ್ಳಾರಿಗೆ ಹೋಗಿಬರಬಹುದು. ಸಿರುಗುಪ್ಪ ತುಸು ದೂರವಾಯಿತು, ಹಾಸ್ಟೆಲೇ ವಾಸಿ.

"ಅಲ್ಲಿ ಓದಿದರೆ ಮೇಲೆ ಬರ್ತಾರೇನ್ರೀ?" ಎನ್ನುವವರಿಗೆ ನಮ್ಮೂರಿನದೇ ಉತ್ತರವಿದೆ. ನ್ಯಾಯಮೂರ್ತಿ ಮಂಜುಳಾ ಚೆಲ್ಲೂರ್ ಪದವಿ ಓದಿದ್ದು ಬಳ್ಳಾರಿಯ ಅಲ್ಲಂ ಸುಮಂಗಳಮ್ಮ ಮಹಿಳಾ ಕಾಲೇಜಿನಲ್ಲಿ, ಕಾನೂನು ಓದಿದ್ದು ಬೆಂಗಳೂರಿನ ರೇಣುಕಾಚಾರ್ಯ ಕಾಲೇಜಿನಲ್ಲಿ. ಬಳ್ಳಾರಿಗೆ ಮರಳಿ, ಅಲ್ಲಿ ವಕೀಲಿ ನಡೆಸಿದ ಮೊದಲ ಮಹಿಳೆ ಎಂದು ಹೆಸರಾದರು. 2000ದಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ, ಮುಂದೆ ಕೇರಳ, ಕಲ್ಕತ್ತಾ, ಬಾಂಬೆ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾಗಿ 2017ರಲ್ಲಿ ನಿವೃತ್ತರಾದರು. ಅವರು ಓದುವಾಗ ಇಂದಿನ ರಾಷ್ಟ್ರೀಯ ಕಾನೂನು ಶಾಲೆಗಳು ಇರಲೇ ಇಲ್ಲ. ಎಲ್ಲರೂ ಅಷ್ಟೆತ್ತರ ಏರುತ್ತಾರೆಂದಲ್ಲ. ಊರಿನ ಕಾಲೇಜು ಯಾರ ದಾರಿಯನ್ನೂ ಕಟ್ಟಿಹಾಕುವುದಿಲ್ಲ ಎಂದಷ್ಟೇ. ಹಾಗೆಂದು ಸುಳ್ಳು ಭರವಸೆಯೂ ಬೇಡ. ಸಾಧಾರಣ ಕಾಲೇಜಿನಲ್ಲಿ ಓದುವವಳು ತಾನೇ ಲೈಬ್ರರಿ ಹುಡುಕಬೇಕು, ತಾನೇ ಕೋರ್ಟಿಗೆ ಹೋಗಿ ಕಲಾಪ ನೋಡಬೇಕು, ಒಳ್ಳೆಯ ಸೀನಿಯರ್ ಹತ್ತಿರ ಕೆಲಸ ಕಲಿಯಬೇಕು.

ವಕೀಲರ ಪರಿಷತ್ತಿಗೆ ಹೆಸರು ನೋಂದಾಯಿಸುವ ಶುಲ್ಕವೂ ಈಗ ಹಗುರ. ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟರಿಗೆ 125 ರೂಪಾಯಿ ಮೀರಬಾರದೆಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ.

ತಾಯಿ ಮಾಡಬೇಕಾದದ್ದು

ಒಂದು ಸಂಜೆ ಅಡುಗೆ ಮುಗಿದ ಮೇಲೆ ಮಗಳನ್ನೂ ಯಜಮಾನರನ್ನೂ ಕೂರಿಸಿಕೊಂಡು ಒಂದು ಹಾಳೆ ತೆಗೆದುಕೊಳ್ಳಿ. ಎಷ್ಟು ಸಲ ಪರೀಕ್ಷೆ ಬರೆಯುವುದು, ಎಷ್ಟರವರೆಗೆ ಸಾಲ, ಯಾವ ಆಸ್ತಿಯನ್ನು ಮುಟ್ಟಬಾರದು, ಸೀಟು ಬಾರದಿದ್ದರೆ ಯಾವ ಕಾಲೇಜು ಎಂಬ ನಾಲ್ಕನ್ನೂ ಬರೆದಿಡಿ. ಫಲಿತಾಂಶ ಬಂದ ದಿನ ಯಾರ ಮನಸ್ಸೂ ಸ್ತಿಮಿತದಲ್ಲಿರುವುದಿಲ್ಲ. ಸೀಟು ಬಂದರೆ ಹಿಗ್ಗಿನಲ್ಲಿ ಗದ್ದೆ ಅಡವಿಡುತ್ತೇವೆ, ಬಾರದಿದ್ದರೆ ಬೇಸರದಲ್ಲಿ ಓದನ್ನೇ ಬಿಡಿಸುತ್ತೇವೆ. ಎರಡೂ ಕೂಡದು.

"ಅವಳ ಓದಿಗೆ ಸಾಲ ಮಾಡಿದರೆ ಮದುವೆಗೆ ಏನು ಮಾಡೋದು? ಸಾಲ ಇರೋ ಹುಡುಗಿಯನ್ನು ಯಾರು ಒಪ್ಪುತ್ತಾರೆ?" ಎಂಬ ಮಾತೂ ಆ ಹಾಳೆಯ ಮುಂದೆ ಬರಲಿ, ಬಚ್ಚಿಡುವುದು ಬೇಡ. ಮದುವೆಗೆಂದು ಮಾಡಿದ ಸಾಲವನ್ನು ತೀರಿಸಲು ತಂದೆಯೊಬ್ಬನೇ ದುಡಿಯಬೇಕು. ಓದಿಗೆಂದು ಅಳತೆಯರಿತು ಮಾಡಿದ ಸಾಲಕ್ಕೆ ಮಗಳ ಎರಡು ಕೈಗಳೂ ಸೇರುತ್ತವೆ.

ಕೊನೆಗೊಂದು ಮಾತು. ಪದವಿ ಮುಗಿಸಿ ಮನೆ ಮಕ್ಕಳೆಂದು ನಿಂತುಬಿಟ್ಟ ಸೋದರಿಯರೂ ನಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಮೂರು ವರ್ಷದ ಎಲ್‌ಎಲ್‌.ಬಿ.ಯ ಅರ್ಜಿ ತರಲು ಮಗಳ ಜೊತೆ ಹೋದಾಗ, ನಿಮ್ಮ ಹಳೆಯ ಅಂಕಪಟ್ಟಿಯನ್ನೂ ಚೀಲದಲ್ಲಿ ಇಟ್ಟುಕೊಂಡು ಹೋಗಿ, ವಿಚಾರಿಸಿ ಬನ್ನಿ.